ಖಾಲಿ ಕಟ್ಟಡದ ಕಾವಲುಗಾರ

ಗುಬ್ಬಿಯ ಖಾಲಿ ಕಚೇರಿ ಕಟ್ಟಡಕ್ಕೆ ನಾನು ವರ್ಷಗಟ್ಟಲೆ ಕಾವಲಿದ್ದೆ. ಒಳಗೆ ಪಾರಿವಾಳ ಬಿಟ್ಟರೆ ಏನೂ ಇರಲಿಲ್ಲ. ನನ್ನ ಗತ್ತು ಮಾತ್ರ ಖಜಾನೆ ಕಾಯುವವನದು. ಸಂತೆ ದಿನ ಗಾಡಿಗಳು ನುಗ್ಗದಂತೆ ಗೇಟಿಗೆ ಬೀಗ ಜಡಿದು, ಕೀ ಉಡಿದಾರಕ್ಕೆ ಕಟ್ಟಿಕೊಂಡು ನಾನೂ ಸಂತೆಗೆ ಹೋಗುತ್ತಿದ್ದೆ. ಈಚೆಗೆ ಆ ಕಟ್ಟಡಕ್ಕೆ ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮೂರರ ಕಚೇರಿಗಳೂ ಬಂದವು. ನಾನೂ ಉಳಿದೆ, ನನ್ನ ಅಭ್ಯಾಸವೂ ಉಳಿಯಿತು.

ಮೊದಲ ಸಂತೆಯಲ್ಲೇ ತೆಂಗಿನಕಾಯಿ ಮಟ್ಟೆಯ ರಾಶಿಗೆ ಬೆಂಕಿ ಬಿತ್ತು. ಕಟ್ಟಡದ ಕಡೆಯಿಂದ ಸೈರನ್ ಕೂಗುತ್ತಲೇ ಇತ್ತು, ಗಾಡಿ ಬರಲಿಲ್ಲ. ಜನ ಬಿಂದಿಗೆಯಲ್ಲಿ ನೀರು ಸುರಿಯುತ್ತಿದ್ದರೆ ನಾನು ಕೂಗಾಡಿದೆ: "ಮೂರು ಇಲಾಖೆ ಇದ್ರೂ ಒಬ್ರಿಗೂ ಹೊರಗೆ ಬರೋ ಯೋಗ್ಯತೆ ಇಲ್ವಲ್ರೀ!"

ಹೆಂಡತಿ ಚಿಕ್ಕಗಂಗಮ್ಮ ನನ್ನ ಸೊಂಟವನ್ನೇ ದಿಟ್ಟಿಸಿದಳು. "ಬೈಯೋದು ಆಮೇಲೆ. ಮೊದ್ಲು ಹೋಗಿ ಬೀಗ ತೆಗೀರಿ."