ಗಿರಣಿ ದ್ರಾಕ್ಷಾಯಿಣಿಯ ಇಸಾರ

ಸತ್ತೂರಿನಲ್ಲಿ ಯಾವ ಮನೆ ಮಾರಾಟಕ್ಕೆ ಬರಲಿದೆ ಎಂಬುದು ಆ ಮನೆಯವರಿಗಿಂತ ಮೊದಲು ದ್ರಾಕ್ಷಾಯಿಣಿಗೆ ಗೊತ್ತಾಗುತ್ತದೆ. ನಂಬದವರು ಒಂದು ಮುಂಜಾನೆ ಅವಳ ಹಿಟ್ಟಿನ ಗಿರಣಿಯ ಮುಂದೆ ಬಂದು ನಿಲ್ಲಲಿ. ವಾರಕ್ಕೆ ಎರಡು ಡಬ್ಬಿ ಜೋಳ ಬೀಸಿಸುತ್ತಿದ್ದ ಮನೆಯಿಂದ ಒಂದೇ ಡಬ್ಬಿ ಬಂತೆಂದರೆ ಅಣ್ಣತಮ್ಮಂದಿರ ಒಲೆ ಬೇರೆಯಾಯಿತು ಎಂದೇ ಅರ್ಥ. ಒಲೆ ಬೇರೆಯಾದವರು ಇಂದಲ್ಲ ನಾಳೆ ಗೋಡೆಯನ್ನೂ ಹಂಚಿಕೊಳ್ಳುತ್ತಾರೆ. ಜೋಳ ನಿಂತು ಬರೀ ಗೋಧಿ ಬರತೊಡಗಿದರೆ ರೊಟ್ಟಿ ಬಡಿಯುವ ಮುದುಕಿ ಹಾಸಿಗೆ ಹಿಡಿದಿದ್ದಾಳೆ. ಇನ್ನು ಉಳಿದದ್ದನ್ನು ಬಾಯಿಯೇ ಹೇಳುತ್ತದೆ. ಗಿರಣಿಯ ಸದ್ದಿನಲ್ಲಿ ಪಿಸುಮಾತು ನಡೆಯುವುದಿಲ್ಲವಲ್ಲ, ಗುಟ್ಟನ್ನೂ ಅಲ್ಲಿ ಕೂಗಿಯೇ ಹೇಳಬೇಕು.

ಈ ದಂಧೆಯನ್ನು ಅವಳಿಗೆ ಯಾರೂ ಕರೆದು ಕಲಿಸಲಿಲ್ಲ. ಗಂಡ ಬೀರಲಿಂಗ ತೀರಿಕೊಂಡ ಮೂರೇ ತಿಂಗಳಿಗೆ ಧಾರವಾಡದ ಒಬ್ಬ ದಲಾಲ ಬಂದು, ಹೆಣ್ಣುಮಗಳಿಗೆ ಈ ಗಿರಣಿಯ ಉಸಾಬರಿ ಯಾಕೆ, ಮಾರಿ ಹಾಯಾಗಿರು ಎಂದು ಕಕ್ಕುಲಾತಿ ತೋರಿಸಿದ. ಇಸಾರ ಎಂದು ಮುಂಗಡದ ನೋಟಿನ ಕಟ್ಟು ಮುಂದಿಟ್ಟು ಕರಾರು ಪತ್ರಕ್ಕೆ ಸಹಿ ಕೇಳಿದ. ಅವಳು ಓದಿದ್ದು ಏಳನೆಯ ಇಯತ್ತೆಯಾದರೂ ಓದದೆ ಸಹಿ ಹಾಕುವ ಪೈಕಿಯಲ್ಲ. ಓದುತ್ತ ಹೋದಂತೆ ಒಂದು ಸಾಲು ಕಣ್ಣಿಗೆ ಬಿತ್ತು: 'ಖರೀದಿದಾರರ ಅಥವಾ ಅವರು ಸೂಚಿಸಿದವರ ಹೆಸರಿಗೆ'. ಯಾರಪ್ಪ ಈ ಸೂಚಿಸಿದವರು ಎಂದು ಕೇಳಿದರೆ ಅವನು ತಡವರಿಸಿದ. ಇವಳಿಂದ ಅಗ್ಗಕ್ಕೆ ಹಿಡಿದು, ಖರೀದಿ ಆಗುವ ಮೊದಲೇ ಮತ್ತೊಬ್ಬನಿಗೆ ದಾಟಿಸಿ, ನಡುವಿನ ಲಾಭ ಜೇಬಿಗೆ ಹಾಕುವ ಲೆಕ್ಕ ಅವನದು. ದ್ರಾಕ್ಷಾಯಿಣಿ ಕಟ್ಟು ವಾಪಸ್ ಕೊಟ್ಟು ಚಹಾ ಕುಡಿಸಿ ಕಳಿಸಿದಳು. ಗಿರಣಿ ಉಳಿಯಿತು, ಮೇಲಿಂದ ಒಂದು ವಿದ್ಯೆಯೂ ಕೈಗೆ ಬಂತು. ಕಳ್ಳನಿಂದಲೂ ಕಲಿಯುವುದಿರುತ್ತದೆ ನೋಡಿ.

ಅದೇ ಕೆಲಸವನ್ನು ಅವಳು ಈಗ ಹತ್ತು ವರ್ಷದಿಂದ ಹಾಡುಹಗಲಲ್ಲಿ ಮಾಡುತ್ತಿದ್ದಾಳೆ. ಆ ಸಾಲನ್ನು ಮಾರುವವರ ಮುಂದೆ ದೊಡ್ಡ ದನಿಯಲ್ಲಿ ಓದಿ ಹೇಳುತ್ತಾಳೆ: ನಾನು ಇಟ್ಟುಕೊಳ್ಳಲಿಕ್ಕೆ ತೆಗೆದುಕೊಳ್ಳುತ್ತಿಲ್ಲ, ಮುಂದೆ ದಾಟಿಸುತ್ತೇನೆ, ನನಗೂ ನಾಲ್ಕು ಕಾಸು ಉಳಿಯುತ್ತದೆ. ಹಾಗೆ ಹೇಳಿದ್ದಕ್ಕೆ ಯಾರೂ ಎದ್ದು ಹೋಗಿಲ್ಲ. ಕೊಳ್ಳುವವನು ಕೈಯಲ್ಲಿಲ್ಲದೆ ಅವಳು ಇಸಾರ ಕೊಡುವುದಿಲ್ಲ, ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಅವಳಿಗೆ ಆಗಿಬರದು. ಮನೆ ನೋಡಲು ಹೋದರೆ ಮಟಮಟ ಮಧ್ಯಾಹ್ನ ಹೋಗುತ್ತಾಳೆ, ಸಂಜೆಯ ಬೆಳಕಿನಲ್ಲಿ ಬಿರುಕು ಬಿಟ್ಟ ಗೋಡೆಯೂ ಚೆಂದ ಕಾಣುತ್ತದಂತೆ. ಬೆಲೆ ಹೇಳಿಯಾದ ಮೇಲೆ ತುಟಿ ಹೊಲಿದುಕೊಂಡು ಕೂಡಬೇಕು, ಮೊದಲು ಬಾಯಿ ಬಿಟ್ಟವರು ಸೋತರು ಎನ್ನುತ್ತಾಳೆ. ಎಲ್ಲಕ್ಕಿಂತ ಮೇಲಿನದು ಇನ್ನೊಂದು: ಜಾಗ ಅಳೆಯುವ ಮೊದಲು ಆ ಮನೆಯ ಹೆಣ್ಣುಮಕ್ಕಳನ್ನು ಎಣಿಸಬೇಕು. ಕೊಟ್ಟ ಮನೆಗೆ ಹೋದ ಹೆಣ್ಣುಮಗಳಿಗೂ ಅದರಲ್ಲಿ ಪಾಲಿದೆ, ಅವಳ ಸಹಿ ಇಲ್ಲದ ಖರೀದಿ ನೀರ ಮೇಲಿನ ಬರಹ.

ಇಷ್ಟೆಲ್ಲ ಬಲ್ಲವಳು ಗುರುಪಾದನ ಮನೆಯಲ್ಲಿ ಎಣಿಸಿದರೂ ಹೆಣ್ಣುಮಗಳ ಸಹಿ ಕೇಳುವುದನ್ನೇ ಬಿಟ್ಟಳು. ಆತುರಗಾರರಿಗೆ ಬುದ್ಧಿ ಮಟ್ಟ ಎಂಬ ಮಾತು ಅವಳಿಗೂ ತಪ್ಪಲಿಲ್ಲ.

ಗುರುಪಾದ ಹತ್ತಿ ವ್ಯಾಪಾರಿ. ನೇಮದಿಂದ ಲಿಂಗಪೂಜೆ ಮಾಡುವ ಮನೆತನ. ಸತ್ತೂರಿನಲ್ಲಿ ಅಪ್ಪನ ಕಾಲದ ಹಂಚಿನ ಮನೆ, ಹಿಂದೆ ದೊಡ್ಡ ಹಿತ್ತಲು. ವ್ಯಾಪಾರವೆಲ್ಲ ಹುಬ್ಬಳ್ಳಿಯಲ್ಲಿ ಇದ್ದುದರಿಂದ ಗೋಕುಲ ರಸ್ತೆಯಲ್ಲಿ ಮೂರು ಕೋಣೆಯ ಫ್ಲ್ಯಾಟು ನೋಡಿಟ್ಟಿದ್ದ. ಅವನ ಹೆಂಡತಿ ರಜನಿ ಗಿರಣಿಗೆ ತರುವ ಡಬ್ಬಿ ಚಿಕ್ಕದಾದ ವಾರವೇ ದ್ರಾಕ್ಷಾಯಿಣಿಗೆ ವಾಸನೆ ಹತ್ತಿತು. ಅತ್ತ ಬಸವಕಿರಣ ಎಂಬ ಕಂತ್ರಾಟದಾರ, ದೊಡ್ಡ ಆಸ್ಪತ್ರೆಯ ನರ್ಸುಗಳಿಗಾಗಿ ಹಾಸ್ಟೆಲ್ ಕಟ್ಟಬೇಕೆಂದು ಅಲ್ಲೇ ಸುತ್ತಮುತ್ತ ಜಾಗ ಹುಡುಕುತ್ತಿದ್ದ. ಶ್ರಾವಣ ಮುಗಿಯುವುದರೊಳಗೆ ಖರೀದಿ ಆಗದಿದ್ದರೆ ಲಕಮನಹಳ್ಳಿಯಲ್ಲಿ ಬೇರೆ ಜಾಗ ಹಿಡಿಯುತ್ತೇನೆಂದು ಅವಸರ ಮಾಡಿದ. ದ್ರಾಕ್ಷಾಯಿಣಿ ತನ್ನ ಮುಂಗೈಯ ಬಂಗಾರದ ಪಾಟ್ಲಿ ಬಳೆ ಒತ್ತೆಯಿಟ್ಟು ಗುರುಪಾದನಿಗೆ ಇಸಾರ ಕೊಟ್ಟಳು. ಹಿಟ್ಟಿನ ಧೂಳು ಕುಡಿದು, ಒಂದೊಂದು ಡಬ್ಬಿ ಬೀಸಿ ಮಾಡಿಸಿಕೊಂಡ ಪಾಟ್ಲಿ ಅವು. ತಂಗಿಯೊಬ್ಬಳು ಇದ್ದಾಳಲ್ಲ ಎಂದು ಕೇಳಿದ್ದೇನೋ ಹೌದು. ನಮ್ಮ ಕಾಳವ್ವ ನನ್ನ ಮಾತು ಮೀರುವವಳಲ್ಲ ಎಂದು ಗುರುಪಾದ ಎದೆ ತಟ್ಟಿಕೊಂಡ, ಇವಳು ನಂಬಿದಳು.

ಆ ಕಾಳವ್ವ ಮೀರಿದಳು. ಅವಳನ್ನು ಕೊಟ್ಟದ್ದು ಹೆಬ್ಬಳ್ಳಿಗೆ. ಗುರುಪಾದ ಮತ್ತು ದ್ರಾಕ್ಷಾಯಿಣಿ ಹಕ್ಕು ಬಿಟ್ಟುಕೊಡುವ ಪತ್ರ ಹಿಡಿದು ಹೋದಾಗ ಚಹಾ ಕೊಟ್ಟಳು, ಮಾತಾಡಿಸಿದಳು, ಪತ್ರವನ್ನು ಮಾತ್ರ ಮುಟ್ಟಲಿಲ್ಲ. ಬಸವಕಿರಣ ತಾನೇ ಹೋಗಿ ಕೈಬೆಚ್ಚಗೆ ಮಾಡುತ್ತೇನೆಂದರೂ ಅದೇ ಉತ್ತರ. ಆಗಲೇ ನಾಗರ ಪಂಚಮಿ ಹತ್ತಿರ ಬಂದಿತ್ತು. ವ್ಯವಹಾರ ಮುರಿದರೆ ಇಸಾರ ವಾಪಸ್ ಕೊಡಬೇಕೆಂದು ಕಾಗದದಲ್ಲಿ ಬರೆದದ್ದೇನೋ ಸರಿ, ಆದರೆ ಗುರುಪಾದ ಆ ರೊಕ್ಕವನ್ನು ಫ್ಲ್ಯಾಟಿಗೆ ಸುರಿದು ಕೈ ತೊಳೆದುಕೊಂಡಿದ್ದ. ಕೊಟ್ಟ ಮಾತು ಹೋದರೆ ಪಾಟ್ಲಿ ಹೋಗುತ್ತವೆ, ಪಾಟ್ಲಿಯ ಹಿಂದೆ ಹೆಸರೂ ಹೋಗುತ್ತದೆ. ಗಂಡಸು ದಲಾಲ ಹತ್ತು ಸಲ ಮುಗ್ಗರಿಸಬಹುದು, ಹೆಂಗಸು ಒಮ್ಮೆ ಎಡವಿದರೆ ಊರು ಗಿರಣಿಗೇ ಹೋಗು ಎನ್ನುತ್ತದೆ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಹಾಗೆಂದು ಅಂಜಿ ಕೂಡುವ ಜೀವವೇ ಅದು? ಸ್ಕೂಟಿ ಹತ್ತಿ ಒಬ್ಬಳೇ ಹೆಬ್ಬಳ್ಳಿಗೆ ಹೋದಳು. ಈ ಸಲ ಪತ್ರ ಒಯ್ಯಲಿಲ್ಲ. ಕಾಳವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು, ಇವಳೂ ಒಂದು ಮೊರ ಎಳೆದುಕೊಂಡು ಎದುರು ಕುಳಿತಳು. ಮಳೆಯ ಮಾತು, ಸೊಸೆಯ ಮಾತು ಎಲ್ಲ ಮುಗಿದ ಮೇಲೆ, ಪಂಚಮಿಗೆ ತವರಿಗೆ ಹೋಗಿ ಎಷ್ಟು ವರ್ಷವಾಯಿತೆಂದು ಕೇಳಿದಳು. ಕಾಳವ್ವನ ಮೊರ ನಿಂತಿತು.

"ನಮ್ಮನಿಯವರು ತೀರಿದ ವರ್ಷ ಹೋಗಿದ್ದೆ. ಎಲ್ಲಾ ಹೆಣ್ಮಕ್ಕಳನ್ನೂ ಮಣಿ ಮ್ಯಾಲೆ ಕುಂದ್ರಿಸಿ ಉಡಿ ತುಂಬಿದ್ರು. ನಾನೂ ಸೆರಗು ಒಡ್ಡಿ ಕುಂತಿದ್ದೆ. ಅಕ್ಕಿ ಮೊರ ಹಿಡಕೊಂಡು ನನ್ನ ದಾಟಿ ಮುಂದ ಹ್ವಾದ್ರು. ಒಡ್ಡಿದ ಸೆರಗ ಹೆಂಗ ಮಡಚಿಕೊಂಡೆ ಅನ್ನೂದು ನನಗ ಗೊತ್ತು. ಈಗ ಅದ ಮಂದಿಗೆ ನನ್ನ ಸಹಿ ಬೇಕಾತೇನು?"

ಬೀರಲಿಂಗ ಹೋದ ಮೇಲೆ ದ್ರಾಕ್ಷಾಯಿಣಿಯ ಮುಂದೆಯೂ ಅರಿಶಿನ ಕುಂಕುಮದ ತಟ್ಟೆ ಎಷ್ಟೋ ಸಲ ಹಾಗೇ ದಾಟಿ ಹೋಗಿತ್ತು. ಅದನ್ನು ಅವಳು ಆಡಿ ತೋರಿಸಲಿಲ್ಲ. ಉಳಿದ ಜೋಳ ಹಸನು ಮಾಡಿಕೊಟ್ಟು, ಸೀದಾ ಗುರುಪಾದನ ಪಡಸಾಲೆಗೆ ಬಂದು ಕುಳಿತಳು.

ತಂಗಿಯನ್ನು ಪಂಚಮಿಗೆ ನೀವೇ ಹೋಗಿ ಕರೆತರಬೇಕು, ಮನೆ ಕೈಬಿಡುವ ಮೊದಲು ಅದೇ ಮನೆಯಲ್ಲಿ ಅವಳ ಉಡಿ ತುಂಬಬೇಕು ಎಂದಾಗ ಗುರುಪಾದ ಕರೆಯುವುದಕ್ಕೆ ಒಪ್ಪಿದ, ಉಡಿಯ ಮಾತಿಗೆ ಹಿಂದೆ ಸರಿದ. ಗಂಡ ಇಲ್ಲದವಳಿಗೆ ಹೇಗೆ ತುಂಬುವುದು, ಮಂದಿ ಏನೆಂದಾರು ಎಂದು ರಾಗ ಎಳೆದ.

"ಅಣ್ಣಾರ, ನಾವು ಕುರಿ ಕಾಯ್ದ ಮಂದಿ, ನಮಗೇನು ತಿಳೀತೈತಿ," ಎಂದಳು ದ್ರಾಕ್ಷಾಯಿಣಿ. "ನಿಮ್ಮ ಮನ್ಯಾಗ ಎಲ್ಲಾರ ಕೊಳ್ಳಾಗೂ ಲಿಂಗ ಐತಿ. ಲಿಂಗ ಇದ್ದಲ್ಲಿ ಸೂತಕ ಇಲ್ಲಂತ ನಿಮ್ಮ ಸ್ವಾಮಿಗೋಳ ಹೇಳ್ತಾರ. ಹಂಗಾದ್ರ ನಿಮ್ಮ ತಂಗಿ ಸೆರಗಿನಾಗ ಸೂತಕ ಎಲ್ಲಿಂದ ಬಂತ್ರಿ?"

ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದ ರಜನಿ, ಅಂದು ಅಕ್ಕಿಯ ಮೊರ ಹಿಡಿದು ಕಾಳವ್ವನನ್ನು ದಾಟಿ ಹೋದವಳು ಅವಳೇ, ಉಡಿಗೆ ಕುಪ್ಪಸದ ಖಣ ತರಲು ನಾಳೆಯೇ ಪೇಟೆಗೆ ಹೋಗಿ ಬರುತ್ತೇನೆಂದು ಬಾಗಿಲಲ್ಲಿ ನಿಂತು ಹೇಳಿದಳು. ಅಲ್ಲಿಗೆ ಆ ಮಾತು ಮುಗಿಯಿತು.

ಪಂಚಮಿಯ ದಿನ ಕಾಳವ್ವ ಅಣ್ಣನ ಕಾರಿನಲ್ಲಿ ಬಂದು ಇಳಿದಳು. ಉಂಡಿ ತಿಂದಾಯಿತು, ಊಟವಾಯಿತು. ದೇವರ ಕೋಣೆಯ ಮುಂದೆ ಮಣೆ ಹಾಕಿ ರಜನಿ ನಾದಿನಿಯನ್ನು ಕೂಡಿಸಿದಳು. ಖಣ, ಕೊಬ್ಬರಿ ಬಟ್ಟಲು, ಉತ್ತತ್ತಿ, ಬೆಲ್ಲದಚ್ಚು, ಮೇಲೆ ಬೊಗಸೆ ಬೊಗಸೆ ಅಕ್ಕಿ. ಕಾಳವ್ವ ಸೆರಗು ಒಡ್ಡಿಕೊಂಡು ತಲೆ ತಗ್ಗಿಸಿ ಕುಳಿತಿದ್ದಳು, ಕಣ್ಣೀರು ಅಕ್ಕಿಯ ಮೇಲೆಯೇ ಬಿತ್ತು. ರಜನಿಯೂ ಅತ್ತಳು. ದ್ರಾಕ್ಷಾಯಿಣಿ ಗೋಡೆಗೆ ಒರಗಿ, ಪತ್ರದ ಫೈಲನ್ನು ತೊಡೆಯ ಕೆಳಗೆ ಅಡಗಿಸಿಕೊಂಡು ಕುಳಿತಿದ್ದಳು. ಇನ್ನು ಕೆಲಸ ಆದಂತೆಯೇ ಎಂದು ಅವಳಿಗೆ ಅನಿಸಿತ್ತು.

ಕಾಳವ್ವ ಕಣ್ಣೊರೆಸಿಕೊಂಡು ನೇರವಾಗಿ ಅವಳನ್ನು ನೋಡಿದಳು. "ದ್ರಾಕ್ಷಾಯಿಣಿ, ಇದು ನೀ ಕಲಿಸಿದ್ದು ಹೌದೋ ಅಲ್ಲೋ?"

ಇಲ್ಲ ಎಂದಿದ್ದರೆ ನಡೆಯುತ್ತಿತ್ತೇನೋ. ದ್ರಾಕ್ಷಾಯಿಣಿಗೆ ಸುಳ್ಳು ನಾಲಗೆಯ ತುದಿಗೆ ಬಂದು ಹೋಯಿತು.

"ಹೌದ್ರಿ ಅಕ್ಕಾರ. ನಾನ ಹೇಳಿದ್ದು. ನಿಮ್ಮ ಸಹಿ ಇಲ್ಲಂದ್ರ ನನ್ನ ಪಾಟ್ಲಿ ಹೋಗತಾವ."

"ಖರೇ ಹೇಳಿದಿ, ಛಲೋ ಆತು. ತಾ ಆ ಕಾಗದ, ಓದು."

ದ್ರಾಕ್ಷಾಯಿಣಿ ಓದಿದಳು. ಅಣ್ಣನ ಮೇಲಿನ ಪ್ರೀತಿ ವಿಶ್ವಾಸದಿಂದ ನನ್ನ ಹಕ್ಕನ್ನು ಬಿಟ್ಟುಕೊಟ್ಟಿರುತ್ತೇನೆ ಎಂಬಲ್ಲಿಗೆ ಬಂದಾಗ ಕಾಳವ್ವ ಕೈ ಎತ್ತಿ ನಿಲ್ಲಿಸಿದಳು.

"ಉಡಿ ತವರಿಂದು, ತುಂಬಿಸಿಕೊಂಡೇನಿ. ನನ್ನ ಪಾಲಿನ ಹಿಸ್ಸಾನೂ ತವರಿಂದು. ಬಿಟ್ಟೆ ಅಂತ ಬರೀಬ್ಯಾಡ. ಮಾರಿದೆ ಅಂತ ಬರಿ."

ಗುರುಪಾದನ ಮುಖ ಸಣ್ಣದಾಯಿತು, ಪೂರಾ ರೊಕ್ಕ ತನ್ನದೆಂದುಕೊಂಡೇ ಅವನು ಮೂರು ಕೋಣೆಯ ಫ್ಲ್ಯಾಟಿಗೆ ಕೈ ಹಾಕಿದ್ದು. ಈಗ ಅವನು ಎದ್ದು ಹೋದರೆ ಎಲ್ಲವೂ ಮುಗಿಯಿತು. ಇಂಥ ಹೊತ್ತಿನಲ್ಲಿ ತುಟಿ ಹೊಲಿದುಕೊಂಡು ಕೂಡಬೇಕು ಎಂಬುದು ದ್ರಾಕ್ಷಾಯಿಣಿಯದೇ ಪಾಠ. ಆದರೆ ಗಿರಣಿ ಅಗ್ಗಕ್ಕೆ ಕೇಳಲು ಬಂದಿದ್ದ ಆ ದಲಾಲನ ನೆನಪಾಯಿತು ಅವಳಿಗೆ. ಈ ಕಾಗದ ಅವನ ಕಾಗದಕ್ಕಿಂತ ಯಾವುದರಲ್ಲಿ ಬೇರೆ? ಇದನ್ನು ಬರೆಸಿದ್ದು ತಾನೇ ಅಲ್ಲವೆ? ತನ್ನ ಮೇಲೆಯೇ ಸಿಟ್ಟು ಬಂತು. ಬಾಯಿ ಬಿಟ್ಟಳು.

"ಅಣ್ಣಾರ, ಅಕ್ಕಾರು ಹೇಳೂದು ಬರೋಬರಿ ಐತಿ. ಮೂರು ಕೋಣಿ ಬ್ಯಾಡ, ಎರಡು ಕೋಣಿದು ಹಿಡೀರಿ. ನಾನೂ ನನ್ನ ಲಾಭದಾಗ ಅರ್ಧ ಬಿಡತೇನಿ."

ಗುರುಪಾದ ತಲೆಯೆತ್ತಿ ತೊಲೆಯನ್ನು ನೋಡಿದ. ಪ್ರತಿ ಪಂಚಮಿಗೆ ಅಪ್ಪ ತಂಗಿಗೆ ಜೋಕಾಲಿ ಕಟ್ಟುತ್ತಿದ್ದ ತೊಲೆ ಅದು, ಹಗ್ಗ ತಿಕ್ಕಿದ ಗುರುತು ಇನ್ನೂ ಇತ್ತು. ಕೊನೆಗೆ, ಹಂಗ ಬರಸ್ರಿ ಎಂದ. ದ್ರಾಕ್ಷಾಯಿಣಿ ಕೈಯಲ್ಲಿದ್ದ ಪತ್ರವನ್ನು ಅಲ್ಲೇ ಹರಿದಳು. ಮರುದಿನ ವಕೀಲರಲ್ಲಿ ಹೊಸದು ಬರೆಸಿ, ಸೋಮವಾರ ಖರೀದಿಗೆ ಎಲ್ಲರೂ ನೋಂದಣಿ ಕಚೇರಿಯಲ್ಲಿ ಕೂಡುವುದೆಂದು ಮಾತಾಯಿತು. ಶ್ರಾವಣ ಮುಗಿಯಲು ಇನ್ನೂ ದಿನಗಳಿದ್ದವು. ಬಸವಕಿರಣನಿಗೆ ಫೋನು ಹಚ್ಚಿ, ಜಾಗ ನಿನ್ನದಾಯಿತು, ಆದರೆ ಸಹಿ ಎರಡು, ಚೆಕ್ಕೂ ಎರಡು ತಾ ಎಂದಳು. ದನಿಯಲ್ಲಿ ಮತ್ತೆ ಮೊದಲಿನ ಗತ್ತು ಇತ್ತು.

ಹೊರಡಲು ಎದ್ದಾಗ ಕಾಳವ್ವ ಅವಳ ಕೈ ಹಿಡಿದಳು. "ಕುಂದ್ರು ಇಲ್ಲೆ," ಎಂದು ತಾನು ಕುಳಿತಿದ್ದ ಮಣೆಯನ್ನೇ ತೋರಿಸಿದಳು. "ನಿನಗ ಯಾರು ತುಂಬ್ಯಾರವ್ವಾ, ಬೀರಲಿಂಗ ಹ್ವಾದ ಮ್ಯಾಲೆ?"

ಊರಿಗೆಲ್ಲ ಬುದ್ಧಿ ಹೇಳುವ ದ್ರಾಕ್ಷಾಯಿಣಿ ಹೇಳಿದಂತೆ ಕೇಳಿದಳು. ಮಣೆಯ ಮೇಲೆ ಕುಳಿತು ಸೆರಗು ಒಡ್ಡಿದಳು. ಕಾಳವ್ವ ತನ್ನ ಉಡಿಯಿಂದಲೇ ಐದು ಬೊಗಸೆ ಅಕ್ಕಿ ತೆಗೆದು ಸುರಿದಳು, ಕೊಬ್ಬರಿ ಬಟ್ಟಲು ಇಟ್ಟಳು. ಹತ್ತು ವರ್ಷ ಗಟ್ಟಿಯಾಗಿದ್ದ ಹೆಂಗಸು ಮಗುವಿನ ಹಾಗೆ ಬಿಕ್ಕಿದಳು.

ಉಡಿ ತುಂಬಿದ ಸೆರಗು ಹಿಡಿದು ಸ್ಕೂಟಿ ಹೊಡೆಯಲಾದೀತೆ? ಗಾಡಿಯನ್ನು ಗುರುಪಾದನ ಬಾಗಿಲಲ್ಲೇ ಬಿಟ್ಟು, ಎರಡೂ ಕೈಯಲ್ಲಿ ಸೆರಗು ಹಿಡಿದುಕೊಂಡು, ಮಧ್ಯಾಹ್ನದ ಬಿಸಿಲಲ್ಲಿ ಓಣಿಯ ನಡುವೆ ನಡೆದಳು. ಗಿರಣಿಯ ಮುಂದೆ ಡಬ್ಬಿ ಹಿಡಿದು ಕಾಯುತ್ತಿದ್ದ ಹೆಂಗಸರು ಪಾಟ್ಲಿ ಇಲ್ಲದೆ ಬರಿದಾದ ಅವಳ ಮುಂಗೈ ನೋಡಿದರು, ತುಂಬಿದ ಸೆರಗು ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರು ತುಂಬಿದರು ಎಂದು ಒಬ್ಬಳು ಕೇಳಿಯೇ ಬಿಟ್ಟಳು. ಗಿರಣಿ ಬಂದ್ ಆಗಿತ್ತು, ಕೂಗುವ ಅಗತ್ಯವೇ ಇರಲಿಲ್ಲ. ಆದರೂ ದ್ರಾಕ್ಷಾಯಿಣಿ ಓಣಿಗೆಲ್ಲ ಕೇಳುವ ಹಾಗೆ ಕೂಗಿಯೇ ಹೇಳಿದಳು.

"ಗುರುಪಾದಣ್ಣನ ತಂಗಿ, ಕಾಳಕ್ಕ."