ಕಾಶೆವ್ವನ ಉಡಕಿ ಸೀರೆ

ನಮ್ಮ ಕೌಜಲಗಿಯ ಗುರುಲಿಂಗಪ್ಪ ೧೯೨೬ರಲ್ಲಿ ಮುಂಬಯಿ ಕೌನ್ಸಿಲ್ಲಿಗೆ ಆರಿಸಿ ಬಂದಾಗ ಅವನಿಗೆ ಇಪ್ಪತ್ತೊಂಬತ್ತು ವರ್ಷ. ವಕೀಲಿ ಓದಿದವನು, ಮಾತಿನಮಲ್ಲ. ಹಳೆಯದೆಲ್ಲ ಒಳ್ಳೆಯದು, ಹೊಸದೆಲ್ಲ ಹಾಳು ಎಂಬುದು ಅವನ ಮತ. ನಾನು ಅವನ ಸೋದರಮಾವನ ಮಗ, ಅವನ ಕಾಗದಪತ್ರ ಬರೆದುಕೊಡುತ್ತಿದ್ದವನು. ಅವನ ಬಗ್ಗೆ ಬರೆಯುವಾಗ ಇವತ್ತಿಗೂ ಸಿಟ್ಟು ಬರುತ್ತದೆ. ಅರ್ಧ ಸಿಟ್ಟು ನನ್ನ ಮೇಲೇ.

ಅವನ ತಂಗಿ ಕಾಶೆವ್ವ ಹದಿನೇಳಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದಳು. ಗಂಡ ಸತ್ತ ಹೆಣ್ಣಿಗೆ ಹೊಸ ಸೀರೆ ಉಡಿಸಿ ಇನ್ನೊಂದು ಮನೆ ತುಂಬಿಸುವ ಉಡಕಿ ನಮ್ಮಲ್ಲಿ ಅಜ್ಜ-ಮುತ್ತಜ್ಜರ ಕಾಲದಿಂದ ಇತ್ತು. ಗುರುಲಿಂಗಪ್ಪನ ಆಯಿ, ಅಂದರೆ ಅಪ್ಪನ ತಾಯಿ ಶಿವಗಂಗವ್ವ, ಹಾಗೆಯೇ ಈ ಮನೆಗೆ ಬಂದವಳು. ಯಮಕನಮರಡಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಮುರಿಗೆಪ್ಪ, ಹೆಂಡತಿ ಸತ್ತವನು, ಕಾಶೆವ್ವನನ್ನು ಕೇಳಿದ. ಮಾತು ಮುಗಿದು ಉಡಕಿಗೆಂದು ಇಳಕಲ್ ಸೀರೆಯೂ ಬಂತು. ಕಾಶೆವ್ವ ಮತ್ತೆ ನಗತೊಡಗಿದ್ದಳು.

ಮರುವರ್ಷದ ಮಳೆಗಾಲ ಕೌನ್ಸಿಲ್ ಪುಣೆಯಲ್ಲಿ ಕೂತಿತ್ತು. ಯಾರೋ ವಿಧವೆಯರ ಮರುಮದುವೆಯ ಮಾತೆತ್ತಿದರು. ಉಡಕಿ ಎಂದರೆ ಮೂಗು ಮುರಿಯುವ ದೊಡ್ಡ ಮಂದಿಯ ನಡುವೆ ತಾನೂ ದೊಡ್ಡವನಾಗಬೇಕೆಂಬ ಹುಕಿ ನಮ್ಮವನಿಗೆ. ಎದ್ದುನಿಂತು, "ನಮ್ಮ ಮನೆತನದಲ್ಲಿ ಹೆಣ್ಣು ಎರಡನೆಯ ಸಲ ಹಸಿರು ಬಳೆ ತೊಟ್ಟದ್ದೇ ಇಲ್ಲ" ಎಂದುಬಿಟ್ಟ. ಹಳೆಯದನ್ನು ಕಾಯಲು ಹೋದವನಿಗೆ ತನ್ನ ಮನೆಯ ಹಳೆಯದೇ ಗೊತ್ತಿರಲಿಲ್ಲವೆ? ಗೊತ್ತಿತ್ತು. ನಾಚಿಕೆ ಇತ್ತು. ಹತ್ತಿದ ಏಣಿಯನ್ನೇ ಒದೆಯುವುದು ಎಂದರೆ ಇದೇ. ಪತ್ರಿಕೆಯಲ್ಲಿ ಬಂದ ಆ ಮಾತನ್ನು ಊರ ಕಟ್ಟೆಯ ಮೇಲೆ ಹೆಮ್ಮೆಯಿಂದ ಓದಿ ಹೇಳಿದವನು ನಾನು.

ಅವನು ಊರಿಗೆ ಬಂದು ಕಾಲು ಮುಟ್ಟಲು ಬಗ್ಗಿದಾಗ ಆಯಿ ಕಾಲು ಹಿಂದೆಳೆದುಕೊಂಡಳು.

"ನಾ ಈ ಮನಿಗೆ ಬಂದೇ ಇಲ್ಲಂತಲ್ಲೋ ತಮ್ಮಾ. ಇಲ್ಲದಾಕಿ ಕಾಲು ಯಾಕ ಮುಟ್ಟತಿ?"

ಕಾಶೆವ್ವ ಕೇಳಿದ್ದು ಒಂದೇ. "ಅಣ್ಣಾ, ನನ್ನ ಗತಿ ಏನು?"

"ಈಗ ಮಾಡಿದರ ನನ್ನ ಮಾತು ಸುಳ್ಳಾಗತೈತಿ. ಇನ್ನೊಂದು ಇಲೆಕ್ಷನ್ ಮುಗೀಲಿ ತಂಗಿ, ನಾನ ಮುಂದ ನಿಂತು ಮಾಡತೇನಿ."

ಮೂರು ವರ್ಷ ಕಾದಳು. ಮುರಿಗೆಪ್ಪನೂ ಕಾದ, ಅದು ಅವನ ದೊಡ್ಡತನ. ೧೯೩೦ರಲ್ಲಿ ಸ್ವಾತಂತ್ರ್ಯ ಚಳವಳಿಯವರು ಚುನಾವಣೆಯ ಕಡೆ ತಿರುಗಿಯೂ ನೋಡಲಿಲ್ಲ. ಎದುರಾಳಿಯಿಲ್ಲದೆ ನಮ್ಮವನು ಕೂತಲ್ಲೇ ಗೆದ್ದ. ಮರುದಿನ ಕಾಶೆವ್ವ ಸೀರೆಯನ್ನು ಟ್ರಂಕಿನಿಂದ ತೆಗೆದು ಬಿಸಿಲಿಗೆ ಹರವಿದಳು. ಮಧ್ಯಾಹ್ನದ ಹೊತ್ತಿಗೆ ಯಮಕನಮರಡಿಯ ಹಿರಿಯರು ಹಾರ ಹಿಡಿದು ಬಂದರು. ಅವರ ಮುಂದಾಳು ದುಂಡಪ್ಪ.

"ಸಾಹೇಬ್ರ, ನಿಮ್ಮ ಭಾಷಣ ಕೇಳಿ ನಮ್ಮೂರಾಗೂ ಉಡಕಿ ಬಂದ್ ಮಾಡೀವ್ರಿ. ಯಾರರ ಮಾಡಿದರ ಬಹಿಷ್ಕಾರ. ನಮ್ಮ ಮುರಿಗೆಪ್ಪಗೂ ಬ್ಯಾರೆ ಕನ್ಯಾ ನೋಡೀವ್ರಿ."

ಬಾಗಿಲ ಹಿಂದೆ ಕಾಶೆವ್ವ ನಿಂತಿದ್ದಳು. ನಾನು ಗುರುಲಿಂಗಪ್ಪನ ಮುಖ ನೋಡಿದೆ. "ನನ್ನ ಆಯಿನೂ ಉಡಕಿಯಾಗಿ ಬಂದಾಕಿ" ಎಂದು ಅವನು ಒಂದು ಮಾತು ಅಂದಿದ್ದರೆ ಸಾಕಿತ್ತು. ಅವನು ತಲೆ ಬಗ್ಗಿಸಿ ಹಾರ ಹಾಕಿಸಿಕೊಂಡ. ಕೊರಳಲ್ಲಿ ಅದನ್ನು ಸರಿಮಾಡಿದವನು ನಾನು.

ಮುಂದಿನ ಬೇಸಿಗೆಯಲ್ಲಿ ಮುರಿಗೆಪ್ಪನ ಮದುವೆಯಾಯಿತು. ಅದರ ಮರುವರ್ಷ ಆಯಿ ತೀರಿಕೊಂಡಳು. ಮಣ್ಣಿಗೆ ಒಯ್ಯುವ ಮುಂಚೆ ಕಾಶೆವ್ವ ಆ ಇಳಕಲ್ ಸೀರೆ ತಂದು ಆಯಿಗೆ ಉಡಿಸತೊಡಗಿದಳು. ಕೌನ್ಸಿಲರ್ ಸಾಹೇಬರು ನೋಡುತ್ತ ನಿಂತಿದ್ದರು. ಊರ ಮಂದಿಯೂ ಇದ್ದರು.

"ಅದು ನಿನ್ನ ಸೀರಿ ಅಲ್ಲೇನವಾ?" ಎಂದು ನೆರೆಮನೆಯ ಬಾಳವ್ವ ಮೆಲ್ಲಗೆ ಕೇಳಿದಳು.

"ಆಯಿ ಉಡಕಿ ಸೀರಿ ಉಟ್ಟು ಈ ಮನಿಗೆ ಬಂದಾಕಿ, ಉಟ್ಟು ಹೋಗ್ಲಿ," ಎಂದಳು ಕಾಶೆವ್ವ, ಎಲ್ಲರಿಗೂ ಕೇಳುವಂತೆ. "ನನಗ ಇನ್ನ ಅದರ ಕೆಲಸಿಲ್ಲ."