ಕಾಳಕ್ಕನ ಅರ್ಧ ಅಚ್ಚು

ಕಾಳಕ್ಕ ಮರದ ಅಚ್ಚನ್ನು ಕಿವಿಗೆ ಹಿಡಿದು ಕೇಳುತ್ತಿದ್ದರು. ತಲೆಯನ್ನು ಎಡಕ್ಕೆ ವಾಲಿಸಿ, ಬಾಯಿ ಸ್ವಲ್ಪ ತೆರೆದು, ಬೆರಳ ಗೆಣ್ಣಿನಿಂದ ಮರವನ್ನು ಮೆಲ್ಲಗೆ ತಟ್ಟಿ, ಒಳಗಿನಿಂದ ಯಾರೋ ಉತ್ತರ ಕೊಡುತ್ತಾರೆ ಎನ್ನುವಂತೆ ಕಾಯುತ್ತಿದ್ದರು.

"ನೀರು ಕುಡ್ದಿದ್ಯಾ ಅಂತ ಕೇಳ್ತಿದೀನಿ ಕಣೇ. ಬಾಯಾರಿದ ಮರಕ್ಕೆ ಪಾಕ ಹುಯ್ದ್ರೆ ಕಚ್ಕೊಂಡ್ಬಿಡತ್ತೆ, ಆಮೇಲೆ ಬಿಡಲ್ಲ" ಎನ್ನುತ್ತಿದ್ದರು.

ಮಕ್ಕಳೇ, ಸಂಕ್ರಾಂತಿಗೆ ಎಳ್ಳುಬೆಲ್ಲದ ಜೊತೆ ನೀವು ತಿನ್ನುವ ಸಕ್ಕರೆಯ ಗಿಳಿ, ಮೀನು, ಬೃಂದಾವನ ಎಲ್ಲವೂ ಅವರ ಮರದ ಅಚ್ಚುಗಳಿಂದ ಬಂದವು. ಬಿಳಿ ಬಟ್ಟೆಯಲ್ಲಿ ಕಟ್ಟಿಟ್ಟಿರುವ ಒಂದನ್ನು ಮಾತ್ರ ಯಾಕೆ ಮುಟ್ಟಬಾರದು ಎಂದು ಕೇಳುತ್ತೀರಿ. ಎದುರಿಗೆ ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ.

ನಿಮ್ಮ ತಾತ ತೀರಿಕೊಂಡ ವರ್ಷ ನಮ್ಮ ಮನೆಯಲ್ಲಿ ಹಬ್ಬ ಇರಲಿಲ್ಲ. ಆರ್‌ಪಿಸಿ ಲೇಔಟಿನ ನಮ್ಮ ಬೀದಿಯಲ್ಲಿ ಹೆಣ್ಣುಮಕ್ಕಳು ರೇಷ್ಮೆ ಲಂಗ ಉಟ್ಟು ಎಳ್ಳು ಬೀರಲು ಓಡಾಡುತ್ತಿದ್ದರು. ನಮ್ಮ ಗೇಟಿನ ಹತ್ತಿರ ಬಂದಾಗ ಅವರ ದನಿ ತಗ್ಗುವುದು ಒಳಗಿದ್ದ ನನಗೆ ಕೇಳುತ್ತಿತ್ತು. ಆಗ ಬಾಗಿಲು ಬಡಿದವರು ಕಾಳಕ್ಕ. ಹಿಂದಿನ ಬೀದಿಯ ಒಂಟಿ ಮುದುಕಿ ಎಂದಷ್ಟೇ ನನಗೆ ಗೊತ್ತಿತ್ತು.

"ಯಾಕಮ್ಮ, ಹಗಲು ಹೊತ್ತಲ್ಲೇ ಚಿಲಕ ಹಾಕ್ಕೊಂಡಿದೀಯ? ತಗೋ, ಗಿಳಿ ತಿನ್ನು. ನಿನ್ ನೋಡಿದ್ರೆ ಯಾರಾದ್ರೂ ಹೆದರ್ಕೋತಾರೆ ಅನ್ಕೊಂಡ್ಯಾ? ನನ್ ನೋಡೇ ಯಾರೂ ಹೆದರಲ್ಲ!"

ಅಂದಿನಿಂದ ಪ್ರತಿ ವರ್ಷ ಪಾಕ ಹುಯ್ಯಲು ನಾನು ಅವರ ಜೊತೆಗಾರಳಾದೆ.

ಕಾಳಕ್ಕನ ಅಪ್ಪ ಬಡಗಿ. ಈ ಲೇಔಟು ಆಗುವ ಮೊದಲು ಇಲ್ಲಿ ಹೊಲಗಳಿದ್ದ ಕಾಲದಲ್ಲಿ ಆ ಅಚ್ಚುಗಳನ್ನೆಲ್ಲ ಕೆತ್ತಿದವರು ಅವರೇ. ಒಂದೊಂದೂ ಎರಡು ಹೋಳು. ನೀರಲ್ಲಿ ನೆನೆಸಿ, ಜೋಡಿಸಿ, ದಾರ ಸುತ್ತಿ, ಬಿಸಿ ಪಾಕ ಹುಯ್ಯಬೇಕು. ಆದರೆ ಕೊಳಗದ ನೀರಿನಲ್ಲಿ ಜೋಡಿಯಿಲ್ಲದ ಒಂದು ಹೋಳು ಯಾವಾಗಲೂ ಇರುತ್ತಿತ್ತು. ಪುಟ್ಟ ಹುಡುಗಿಯ ಬೆನ್ನು, ಉದ್ದ ಜಡೆ, ಲಂಗದ ನೆರಿಗೆ. ಮುಖದ ಭಾಗವೇ ಇಲ್ಲ.

"ಇದಕ್ಕೆ ಪಾಕ ಹುಯ್ಯಕ್ಕಾಗಲ್ಲ, ಯಾಕಕ್ಕ ನೆನೆಸ್ತೀರ?" ಎಂದು ಒಮ್ಮೆ ಕೇಳಿದೆ.

"ನನ್ ತಂಗಿ ಗೌರಿ ಅದು. ಅವಳನ್ನ ಎದುರಿಗೆ ಕೂರಿಸ್ಕೊಂಡು ಅಪ್ಪ ಕೆತ್ತಿದ್ದ. ಹಬ್ಬಕ್ಕೆ ಮುಂಚೆ ಜ್ವರ ಬಂದು ಹೋಗ್ಬಿಟ್ಳು. ಮಣ್ಣು ಮಾಡೋವಾಗ ಅಪ್ಪ ಮುಖದ ಹೋಳನ್ನ ಅವಳ ಎದೆ ಮೇಲಿಟ್ಟ. ಬೆನ್ನು ನಂಗುಳೀತು." ಒದ್ದೆ ಮರವನ್ನು ಸವರುತ್ತ ಮೆಲ್ಲಗೆ ಸೇರಿಸಿದರು: "ಫೋಟೋ ಎಲ್ಲಿತ್ತು ಆಗ? ಈಗ ನೆನಸ್ಕೊಂಡ್ರೂ ಜಡೆ ಕಾಣತ್ತೆ, ಮುಖ ಕಾಣಲ್ಲ. ಒಂದ್ಸಲ ತಿರುಗಿ ನೋಡಿದ್ರೆ ಸಾಕಿತ್ತು ಕಣೇ."

ಹಳೆಯ ಸಾಮಾನು ಮಾರುವ ಹುಡುಗನೊಬ್ಬ ಅಚ್ಚುಗಳನ್ನು ಕೊಳ್ಳಲು ಆಗಾಗ ಬರುತ್ತಿದ್ದ. "ಅಜ್ಜಿ, ದೊಡ್ಡ ದೊಡ್ಡ ಮನೆಯವ್ರು ಇದನ್ನ ಗೋಡೆಗೆ ಹಾಕ್ಕೋತಾರೆ. ಸೂಪರ್ ಡೆಕೋರೇಷನ್ನು."

"ನಿನ್ ಗೋಡೆ ಇದಕ್ಕೆ ನೀರು ಕುಡ್ಸತ್ತೇನೋ?" ಎಂದು ಕಾಳಕ್ಕ ಓಡಿಸುತ್ತಿದ್ದರು. ಅವನು ನಗುತ್ತ ಆ ಅರ್ಧ ಅಚ್ಚಿನ ಫೋಟೋ ಮಾತ್ರ ತೆಗೆದುಕೊಂಡು ಹೋಗಿದ್ದ.

ಹೋದ ವರ್ಷ ಸಂಕ್ರಾಂತಿಯ ಹಿಂದಿನ ದಿನ ಅವನು ಮತ್ತೆ ಬಂದ. ಈ ಸಲ ನಗು ಇರಲಿಲ್ಲ.

"ನಿಮ್ ಅರ್ಧ ಅಚ್ಚಿನ ಇನ್ನರ್ಧ, ಮುಖದ ಹೋಳು, ಕಾಮಾಕ್ಷಿಪಾಳ್ಯದ ಗುಜರಿಯಲ್ಲಿ ಸಿಕ್ತು ಅಜ್ಜಿ. ಇಲ್ಲೇ ಯಾವುದೋ ಪಾಯ ಅಗೆದಾಗ ಬಂತಂತೆ. ಬಿಸಿಲಲ್ಲಿ ಒಣಗಿಸಿ ಪೇಪರ್ ಸುತ್ತಿದ್ದೆ. ಬರೋ ಅಷ್ಟರಲ್ಲಿ ನೋಡಿ, ಬ್ಯಾಗೆಲ್ಲ ಒದ್ದೆ."

ಕಾಳಕ್ಕ ಅದನ್ನು ಕಿವಿಗೆ ಹಿಡಿದರು. ತಟ್ಟಲಿಲ್ಲ. ಬಹಳ ಹೊತ್ತು ಕೇಳಿಸಿಕೊಂಡರು.

"ಇದನ್ನ ನೆನೆಸೋದು ಬೇಡ" ಎಂದರು.

ಎರಡು ಹೋಳೂ ಕೂದಲೆಳೆಯಷ್ಟೂ ಸಂದಿಲ್ಲದಂತೆ ಕೂಡಿಕೊಂಡವು. ನಾನು ದಾರ ಸುತ್ತಿದೆ, ಅವರು ಪಾಕ ಹುಯ್ದರು. ಆರಿದ ಮೇಲೆ ಬಿಚ್ಚಿದವರೇ ಗೊಂಬೆಯನ್ನು ನೋಡದೆ ನನ್ನ ಅಂಗೈಯಲ್ಲಿಟ್ಟರು. "ನೀನೇ ಮೊದ್ಲು ನೋಡು. ನಂಗೆ ಭಯ."

ನೋಡಿದೆ. ಜಡೆ ಮಗುವಿನದು, ಲಂಗ ಮಗುವಿನದು, ಮುಖ ಮುದುಕಿಯದು. ಮಣ್ಣಿನಲ್ಲಿದ್ದ ಮರ ಸಣ್ಣಗೆ ಬಿರುಕು ಬಿಟ್ಟಿತ್ತು. ಆ ಬಿರುಕುಗಳೆಲ್ಲ ಸಕ್ಕರೆಯ ಮೇಲೆ ಸುಕ್ಕುಗಳಾಗಿ ಮೂಡಿದ್ದವು. ಹಣೆಯಲ್ಲಿ, ಕಣ್ಣಿನ ಸುತ್ತ, ತುಟಿಯ ಮೇಲೆ. ಅಂಗೈಯನ್ನು ಅವರ ಮುಂದೆ ಚಾಚಿದೆ.

ಕಾಳಕ್ಕ ಹೆದರಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ಬಗ್ಗಿ ನೋಡಿದರು.

"ಅಯ್ಯೋ ಗೌರಿ, ನನ್ ಜೊತೇಲೇ ಮುದುಕಿ ಆಗಿದೀಯಲ್ಲೇ! ನೀನು ಅಲ್ಲೇ ನಿಂತ್ಬಿಟ್ಟಿದೀಯ, ನಾನೊಬ್ಳೇ ಮುಂದೆ ಬಂದ್ಬಿಟ್ಟೆ ಅಂತಿದ್ದೆ." ಗಲ್ಲ ಮುಟ್ಟಿ ನೆಟಿಕೆ ಮುರಿದರು. ಆಮೇಲೆ ನನ್ನ ಕಡೆ ತಿರುಗಿ, "ಮುಖ ಸಿಗಲಿಲ್ಲ ನೋಡು. ಚಿಕ್ಕವಳಿದ್ದಾಗಿನ ಮುಖ ಇನ್ನೂ ಸಿಗಲಿಲ್ಲ" ಎಂದರು.

ಆ ಗೊಂಬೆಯನ್ನು ಯಾರಿಗೂ ಬೀರದೆ ಒಂದು ಡಬ್ಬಿಯಲ್ಲಿಟ್ಟುಕೊಂಡರು. ಶಿವರಾತ್ರಿಗೆ ಮೊದಲೇ ಒಂದು ಮಧ್ಯಾಹ್ನ ಕಾಳಕ್ಕ ಕೂತಲ್ಲೇ ಹೋಗಿಬಿಟ್ಟರು, ತಲೆ ಎಡಕ್ಕೆ ವಾಲಿಸಿಕೊಂಡು. ಅಚ್ಚುಗಳನ್ನೆಲ್ಲ ನನಗೇ ಕೊಡಬೇಕೆಂದು ಬೀದಿಯವರಿಗೆಲ್ಲ ಹೇಳಿಟ್ಟಿದ್ದರಂತೆ. ಡಬ್ಬಿಯಲ್ಲಿದ್ದ ಸಕ್ಕರೆ ಗೊಂಬೆ ಮಾತ್ರ ಯಾರಿಗೂ ಸಿಗಲಿಲ್ಲ. ಇರುವೆ ತಿಂದಿರಬೇಕು ಎಂದರು.

ಈ ವರ್ಷ ನೀವೆಲ್ಲ ಗಾಳಿಪಟ ಹಾರಿಸಲು ಮಹಡಿಗೆ ಹೋಗಿದ್ದಾಗ ನಾನು ಗೌರಿಯ ಅಚ್ಚಿದ್ದ ಬಿಳಿ ಬಟ್ಟೆಯ ಗಂಟು ಬಿಚ್ಚಿದೆ. ಬಟ್ಟೆ ಒದ್ದೆಯಾಗಿತ್ತು. ಪಾಕ ಹುಯ್ದೆ. ನೀರು ಕುಡಿದ ಮರ ಉಬ್ಬಿ ಬಿರುಕುಗಳು ಮುಚ್ಚಿಕೊಂಡಿರಬಹುದು. ಹಾಗೆಂದೇ ನನಗೆ ನಾನು ಹೇಳಿಕೊಳ್ಳುತ್ತೇನೆ. ಸುಕ್ಕು ಒಂದೂ ಇರಲಿಲ್ಲ. ನುಣುಪು ಕೆನ್ನೆಯ ಎಳೆಯ ಮುಖ.

ಕಾಳಕ್ಕ ಕಾಣಲು ಹಂಬಲಿಸಿದ ಮುಖವನ್ನು ನಾನು ಕಂಡೆ. ಗೌರಿಯನ್ನು ನಾನು ಎಂದೂ ನೋಡಿದವಳಲ್ಲ. ಆದರೂ ಆ ಮುಖ ನನಗೆ ಗೊತ್ತಿತ್ತು. ಹೋದ ವರ್ಷವೂ ಗೊಂಬೆಯ ತಲೆ ಹೀಗೇ ಇತ್ತೋ ಇಲ್ಲವೋ, ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ. ಆ ಮಗು ಕಾಳಕ್ಕನಂತೆಯೇ ತಲೆಯನ್ನು ಎಡಕ್ಕೆ ವಾಲಿಸಿ, ಬಾಯಿ ಸ್ವಲ್ಪ ತೆರೆದು, ಏನನ್ನೋ ಕೇಳಿಸಿಕೊಳ್ಳುತ್ತಿತ್ತು.